ಹಿಂದಿನ ಕವರ್ ಓದಿ ಕೊಳ್ಳಿ: ಹೇರ್ ಮೆಟಲ್ ಆಲ್ಬಮ್ ಸಂಗ್ರಹ ಶುರು ಮಾಡುವವರಿಗೆ

ಹೇರ್ ಮೆಟಲ್ ಅಂದರೆ 80ರ ದಶಕದ ಅಬ್ಬರದ ರಾಕ್ ಸಂಗೀತ; ಬ್ಯಾಂಡಿನವರ ಭಾರೀ ಕೂದಲಿನಿಂದಲೇ ಆ ಹೆಸರು. ಅದರ ಆಲ್ಬಮ್ ಕೈಗೆ ಸಿಕ್ಕರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಆ ಕೂದಲಿನ ಮೇಲೆ. ಸ್ಪ್ರೇ ಹೊಡೆದು ಎಬ್ಬಿಸಿದ ತಲೆ, ಕಣ್ಣಿಗೆ ಕಾಡಿಗೆ, ಮೈಗಂಟಿದ ಚರ್ಮದ ಪ್ಯಾಂಟ್. ಅದನ್ನು ನೋಡಿಯೇ ಕೊಳ್ಳುವವರಿದ್ದಾರೆ. ಅದನ್ನು ನೋಡಿಯೇ ಬೇಡ ಎಂದು ವಾಪಸ್ ಇಡುವವರೂ ಇದ್ದಾರೆ. ನಾನು ಹೇಳುವುದು ಇಷ್ಟೇ: ಕವರ್ ತಿರುಗಿಸಿ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಪ್ರೊಡ್ಯೂಸರ್ (ರೆಕಾರ್ಡಿಂಗ್ ನಡೆಸಿ ಆಲ್ಬಮ್ಮಿನ ಸದ್ದು ರೂಪಿಸುವವರು) ಹೆಸರು, ಎಂಜಿನಿಯರ್ ಹೆಸರು, ಸ್ಟುಡಿಯೋ ಹೆಸರು ಇರುತ್ತದೆ. ಇಟ್ಟುಕೊಳ್ಳಬೇಕಾದ ಆಲ್ಬಮ್ ಯಾವುದು, ಒಂದು ಹಿಟ್ ಹಾಡಿಗಾಗಿ ಸುಮ್ನೆ ತುಂಬಿಸಿದ್ದು ಯಾವುದು ಅನ್ನುವುದು ಅಲ್ಲೇ ಅರ್ಧ ಗೊತ್ತಾಗುತ್ತದೆ.

ಈ ಸಂಗೀತ ಹುಟ್ಟಿ ಬೆಳೆದದ್ದು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ, ಅಲ್ಲಿನ ಸನ್‌ಸೆಟ್ ಸ್ಟ್ರಿಪ್ ರಸ್ತೆಯ ಕ್ಲಬ್ಬುಗಳಲ್ಲಿ. 1983ರ ನವೆಂಬರ್‌ನಲ್ಲಿ ಕ್ವಯಟ್ ರಯಟ್ ಬ್ಯಾಂಡಿನ 'ಮೆಟಲ್ ಹೆಲ್ತ್' ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. 'ದ ಪೊಲೀಸ್' ಎಂಬ ಬ್ರಿಟನ್ನಿನ ರಾಕ್ ಬ್ಯಾಂಡಿನ ಆಲ್ಬಮ್ಮನ್ನು ಕೆಳಗಿಳಿಸಿ ಆ ಜಾಗ ಹಿಡಿಯಿತು. ಆಮೇಲೆ ಎಲ್ಲ ಕಂಪನಿಗಳೂ ಇಂಥ ಬ್ಯಾಂಡುಗಳ ಬೆನ್ನು ಬಿದ್ದವು. 1991ರ ಹೊತ್ತಿಗೆ ಸಿಯಾಟಲ್‌ನ ಗ್ರಂಜ್ ಎಂಬ, ವೇಷ ಅಲಂಕಾರ ಇಲ್ಲದ ಒರಟು ರಾಕ್ ಬಂತು, ಭರಾಟೆ ಇಳಿಯಿತು. ನೀವು ಹುಡುಕಬೇಕಾದದ್ದು ಹೆಚ್ಚುಕಡಿಮೆ ಈ ಎಂಟು ವರ್ಷಗಳ ಒಳಗೇ ಸಿಗುತ್ತದೆ. ಹಿಂದಕ್ಕೆ ಒಂದೇ ಒಂದು ಆಲ್ಬಮ್ ಸೇರಿಸಿಕೊಳ್ಳಿ: 1978ರ ವ್ಯಾನ್ ಹೇಲನ್ ಬ್ಯಾಂಡಿನ ಮೊದಲ ಆಲ್ಬಮ್. ಎಡ್ಡಿ ವ್ಯಾನ್ ಹೇಲನ್ ಅದರಲ್ಲಿ ಗಿಟಾರ್ ನುಡಿಸಿದ ರೀತಿಯನ್ನು ಮುಂದಿನ ಹತ್ತು ವರ್ಷ ಆ ಊರಿನ ಹುಡುಗರೆಲ್ಲ ಕಲಿಯಲು ಹೊರಟರು.

ಮೊದಲು: ಯಾವುದರಲ್ಲಿ ಕೇಳುತ್ತೀರಿ?

ಎಲ್‌ಪಿ (ದೊಡ್ಡ ವಿನೈಲ್ ತಟ್ಟೆ), ಸಿಡಿ, ಕ್ಯಾಸೆಟ್ ಮೂರನ್ನೂ ಒಟ್ಟಿಗೆ ಹಿಡಿಯಬೇಡಿ. ಒಂದನ್ನು ಮುಖ್ಯ ಮಾಡಿಕೊಳ್ಳಿ.

ಎಲ್‌ಪಿಯೇ ಶ್ರೇಷ್ಠ ಅನ್ನುವ ಮಾತು ಈಗ ಎಲ್ಲ ಕಡೆ ಕೇಳುತ್ತದೆ. ಈ ಸಂಗೀತದ ಮಟ್ಟಿಗೆ ನಾನದನ್ನು ಪೂರ್ತಿ ಒಪ್ಪುವುದಿಲ್ಲ. 80ರ ದಶಕದಲ್ಲಿ ಬಂದ ಮೊದಲ ಸಿಡಿಗಳು ನಿಜಕ್ಕೂ ಚೆನ್ನಾಗಿವೆ. ಅವುಗಳಲ್ಲಿ ಡ್ರಮ್ ಏಟಿಗೂ ಹಿಂದಿನ ನಿಶ್ಶಬ್ದಕ್ಕೂ ನಡುವೆ ಅಂತರ ಉಳಿದಿದೆ. 90ರ ದಶಕದ ಕೊನೆಯಿಂದ 'ರೀಮಾಸ್ಟರ್' (ಹಳೆಯ ರೆಕಾರ್ಡಿಂಗಿನ ಸದ್ದನ್ನು ಹೊಸದಾಗಿ ಹದ ಮಾಡಿದ್ದು) ಎಂದು ಬಂದ ಸಿಡಿಗಳಲ್ಲಿ ಎಷ್ಟೋ ಕಡೆ ಎಲ್ಲವನ್ನೂ ಒಂದೇ ಸಮ ಜೋರು ಮಾಡಿಟ್ಟಿದ್ದಾರೆ. ಮೊದಲೈದು ನಿಮಿಷ ಖುಷಿಯಾಗುತ್ತದೆ, ಆಮೇಲೆ ಕಿವಿ ದಣಿಯುತ್ತದೆ. ಆದ್ದರಿಂದ ಸೆಕೆಂಡ್ ಹ್ಯಾಂಡ್ ಬುಟ್ಟಿಯಲ್ಲಿ ಹಳೆಯ ಸಿಡಿ ಮತ್ತು ರೀಮಾಸ್ಟರ್ ಎರಡೂ ಇದ್ದರೆ ಹಳೆಯದನ್ನೇ ಎತ್ತಿಕೊಳ್ಳಿ. ಬೆಲೆಯೂ ಸಾಮಾನ್ಯವಾಗಿ ಕಡಿಮೆ.

ಎಲ್‌ಪಿಯ ಸೊಗಸು ಬೇರೆ. ದೊಡ್ಡ ಕವರ್, ಒಳಗಿನ ಸಾಹಿತ್ಯದ ಹಾಳೆ, ಫೋಟೋ. ಹೇರ್ ಮೆಟಲ್‌ನಲ್ಲಿ ಕವರ್‌ಗೂ ಹಾಡಿಗೂ ಸಮಪಾಲು. ಕವರ್‌ಗಾಗಿ ಎಲ್‌ಪಿ ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಎಲ್‌ಪಿಗೆ ಒಂದು ಮಿತಿ ಇದೆ. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷದ ಆಸುಪಾಸು ಇದ್ದರೆ ಸದ್ದು ತುಂಬಿ ಬರುತ್ತದೆ. ಅದಕ್ಕಿಂತ ಜಾಸ್ತಿ ತುರುಕಿದರೆ ಗೆರೆಗಳು ಕಿರಿದಾಗುತ್ತವೆ, ಸದ್ದಿನ ಮಟ್ಟ ಇಳಿಸಬೇಕಾಗುತ್ತದೆ, ಬಾಸ್ ತೆಳುವಾಗುತ್ತದೆ. ಈ ಬಗೆಯ ಹೆಚ್ಚಿನ ಆಲ್ಬಮ್‌ಗಳು 35ರಿಂದ 45 ನಿಮಿಷದವು, ಹಾಗಾಗಿ ತೊಂದರೆ ಇಲ್ಲ. ಇದಕ್ಕೆ ದೊಡ್ಡ ಅಪವಾದ ಒಂದಿದೆ, ಅದರ ವಿಷಯ ಮುಂದೆ ಹೇಳುತ್ತೇನೆ.

ಕ್ಯಾಸೆಟ್ ಹಳೆಯ ನೆನಪಿಗೆ ಸರಿ. ನಮ್ಮಲ್ಲಿ ಈ ಸಂಗೀತ ಮನೆಮನೆಗೆ ಬಂದದ್ದು ಕ್ಯಾಸೆಟ್ಟಿನಲ್ಲೇ ಅಲ್ವಾ? ಭಾರತದಲ್ಲೇ ತಯಾರಾದ ಮ್ಯಾಗ್ನಾಸೌಂಡ್, ಮ್ಯೂಸಿಕ್ ಇಂಡಿಯಾ, ಸಿಬಿಎಸ್ ಕ್ಯಾಸೆಟ್‌ಗಳು ಇನ್ನೂ ಕೆಲವರ ಅಟ್ಟದ ಮೇಲಿವೆ. ಸಿಕ್ಕರೆ ಬಿಡಬೇಡಿ. ಆದರೆ ಹಾಕುವ ಮುಂಚೆ ಟೇಪಿನ ಹಿಂದಿರುವ ಸಣ್ಣ ಸ್ಪಂಜಿನ ಪ್ಯಾಡ್ ನೋಡಿ. ಅಂಟು ಒಣಗಿ ಅದು ಬಿದ್ದುಹೋಗಿದ್ದರೆ ಸದ್ದು ಮಂಕಾಗುತ್ತದೆ. ಪ್ಯಾಡ್ ಸರಿಯಿದ್ದರೆ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ, ಆಮೇಲೆ ಪ್ಲೇ ಒತ್ತಿ.

ಪ್ರೊಡ್ಯೂಸರ್ ಹೆಸರು ಹಿಡಿದು ಹೋಗಿ

ಇದು ಈ ಲೇಖನದ ಮುಖ್ಯ ಹೆಜ್ಜೆ. ಬ್ಯಾಂಡುಗಳು ನೂರಾರು. ಆದರೆ ಅವುಗಳ ಸದ್ದನ್ನು ಕಟ್ಟಿದವರು ಬೆರಳೆಣಿಕೆಯ ಜನ. ಐದು ಹೆಸರು ನೆನಪಿಟ್ಟುಕೊಂಡರೆ ಅಂಗಡಿಯಲ್ಲಿ ಗೊತ್ತಿಲ್ಲದ ಆಲ್ಬಮ್ ಕೂಡ ಧೈರ್ಯವಾಗಿ ಕೊಳ್ಳಬಹುದು.

ಟಾಮ್ ವರ್ಮನ್. ಮಾಟ್ಲಿ ಕ್ರೂ ಬ್ಯಾಂಡಿನ 'ಶೌಟ್ ಅಟ್ ದ ಡೆವಿಲ್' (1983), ಟ್ವಿಸ್ಟೆಡ್ ಸಿಸ್ಟರ್‌ನ 'ಸ್ಟೇ ಹಂಗ್ರಿ' (1984), ಪಾಯ್ಸನ್‌ನ 'ಓಪನ್ ಅಪ್ ಅಂಡ್ ಸೇ... ಆಹ್!' (1988) ಇವರ ಕೈಯಲ್ಲಿ ಬಂದವು. ಇವರ ಆಲ್ಬಮ್‌ಗಳಲ್ಲಿ ಡ್ರಮ್ ಮುಂದಿರುತ್ತದೆ, ಕೋರಸ್ ಇಡೀ ಮೈದಾನ ಕೂಗುವ ಹಾಗಿರುತ್ತದೆ. ಹೆಚ್ಚು ಅಲಂಕಾರ ಇಲ್ಲ.

ಬೋ ಹಿಲ್. ರ್‍ಯಾಟ್‌ನ 'ಔಟ್ ಆಫ್ ದ ಸೆಲ್ಲರ್' (1984), ವಿಂಗರ್‌ನ ಮೊದಲ ಆಲ್ಬಮ್ (1988), ವಾರಂಟ್‌ನ ಮೊದಲ ಎರಡು. ಸದ್ದು ಚೊಕ್ಕ, ಕೀಬೋರ್ಡ್ ಹಿನ್ನೆಲೆ, ಗಿಟಾರ್ ಹೊಳಪು. ಇವರನ್ನು ಜಾಸ್ತಿ ನಯ ಮಾಡುತ್ತಾರೆ ಎಂದು ಬೈಯುವವರಿದ್ದಾರೆ. ಆದರೆ 'ಔಟ್ ಆಫ್ ದ ಸೆಲ್ಲರ್'ನಲ್ಲಿ ವಾರನ್ ಡಿಮಾರ್ಟಿನಿ ಮತ್ತು ರಾಬಿನ್ ಕ್ರಾಸ್ಬಿಯ ಎರಡು ಗಿಟಾರ್ ಜೊತೆಯಾಗಿ ಏರುವ ಜಾಗಗಳನ್ನು ಹೆಡ್‌ಫೋನ್ ಹಾಕಿ ಕೇಳಿ. ಒಂದೊಂದು ಗಿಟಾರೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಆ ನಯ ಇದ್ದದ್ದರಿಂದಲೇ ಅದು ಸಾಧ್ಯವಾಯಿತು.

ಮೈಕೆಲ್ ವ್ಯಾಗನರ್. ಜರ್ಮನಿಯಿಂದ ಬಂದವರು. ವೈಟ್ ಲಯನ್‌ನ 'ಪ್ರೈಡ್' (1987), ಸ್ಕಿಡ್ ರೋನ ಮೊದಲ ಎರಡು ಆಲ್ಬಮ್, ಎಕ್ಸ್‌ಟ್ರೀಮ್‌ನ 'ಪೋರ್ನೋಗ್ರಾಫಿಟ್ಟಿ' (1990) ಇವರವು. ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್' ಮಿಕ್ಸ್ ಮಾಡಿದ್ದೂ, ಅಂದರೆ ಬೇರೆಬೇರೆ ರೆಕಾರ್ಡ್ ಮಾಡಿದ ವಾದ್ಯ, ದನಿಗಳನ್ನು ಹದವಾಗಿ ಬೆರೆಸಿದ್ದೂ ಇವರೇ. ಗಿಟಾರಿಗೆ ತೂಕ ಬೇಕು ಅನ್ನುವವರು ಈ ಹೆಸರು ಕಂಡ ಕಡೆ ಕೈ ಹಾಕಿ. ಐವರಲ್ಲಿ ನನಗೆ ಹೆಚ್ಚು ಇಷ್ಟ ಇವರೇ. ಇವರ ಹೆಸರಿನ ಆಲ್ಬಮ್‌ಗಳಲ್ಲಿ ಎರಡನೇ ಮಗ್ಗುಲು ಸೋಲುವುದು ಕಡಿಮೆ.

ಬ್ರೂಸ್ ಫೇರ್‌ಬೇರ್ನ್. ಕೆನಡಾದ ವ್ಯಾಂಕೂವರ್‌ನಲ್ಲಿದ್ದ ಲಿಟಲ್ ಮೌಂಟನ್ ಸ್ಟುಡಿಯೋ ಇವರ ನೆಲೆ. ಬಾನ್ ಜೋವಿಯ 'ಸ್ಲಿಪರಿ ವೆನ್ ವೆಟ್' (1986), 'ನ್ಯೂ ಜೆರ್ಸಿ' (1988), ಏರೋಸ್ಮಿತ್‌ನ 'ಪರ್ಮನೆಂಟ್ ವೆಕೇಶನ್' ಮತ್ತು 'ಪಂಪ್' ಅಲ್ಲೇ ಆದವು. 'ಸ್ಲಿಪರಿ'ಗೆ ಎಂಜಿನಿಯರ್ ಆಗಿದ್ದವರು ಬಾಬ್ ರಾಕ್. ಅವರು ಮುಂದೆ ಅದೇ ಸ್ಟುಡಿಯೋದಲ್ಲಿ ಮಾಟ್ಲಿ ಕ್ರೂನ 'ಡಾಕ್ಟರ್ ಫೀಲ್‌ಗುಡ್' (1989) ಮಾಡಿದರು. ಆ ಸದ್ದು ಕೇಳಿಯೇ ಮೆಟಾಲಿಕಾದವರು 1991ರ ಆಲ್ಬಮ್ಮಿಗೆ ಅವರನ್ನು ಕರೆಸಿಕೊಂಡರು. ಹೇರ್ ಮೆಟಲ್ ಅಂದರೆ ಮೂಗು ಮುರಿಯುವ ಮೆಟಾಲಿಕಾ ಅಭಿಮಾನಿ ಗೆಳೆಯರು ನಿಮಗಿದ್ದರೆ ಇದನ್ನು ಅವರಿಗೆ ಹೇಳಿ, 'ಡಾಕ್ಟರ್ ಫೀಲ್‌ಗುಡ್' ಹಾಕಿ ಕೇಳಿಸಿ.

ಐದನೆಯವರು ಮಟ್ ಲ್ಯಾಂಜ್. ಡೆಫ್ ಲೆಪರ್ಡ್‌ನ 'ಪೈರೋಮೇನಿಯಾ' (1983) ಮತ್ತು 'ಹಿಸ್ಟೀರಿಯಾ' (1987). ಇವರ ವಿಷಯಕ್ಕೆ ಜಾಸ್ತಿ ಜಾಗ ಬೇಕು.

'ಹಿಸ್ಟೀರಿಯಾ'ವನ್ನು ಹತ್ತಿರದಿಂದ

ಇಂಗ್ಲೆಂಡಿನ ಶೆಫೀಲ್ಡ್‌ನ ಈ ಹುಡುಗರು ಆಲ್ಬಮ್ ಶುರು ಮಾಡಿದ ವರ್ಷವೇ, 1984ರ ಡಿಸೆಂಬರ್ 31ರಂದು, ಡ್ರಮ್ಮರ್ ರಿಕ್ ಅಲೆನ್ ಕಾರು ಅಪಘಾತದಲ್ಲಿ ಎಡಗೈ ಕಳೆದುಕೊಂಡರು. ಬ್ಯಾಂಡಿನವರು ಬೇರೆ ಡ್ರಮ್ಮರ್ ತರಲಿಲ್ಲ. ಎಡಗೈ ಮಾಡುತ್ತಿದ್ದ ಕೆಲಸವನ್ನು ಕಾಲಿನ ಪೆಡಲ್‌ಗಳಿಗೆ ವಹಿಸಿದ ಎಲೆಕ್ಟ್ರಾನಿಕ್ ಕಿಟ್ ಕಟ್ಟಿಕೊಂಡು ಅಲೆನ್ ಮತ್ತೆ ಕೂತರು. ಆಲ್ಬಮ್ ಮುಗಿಯಲು ಮೂರು ವರ್ಷ ಹಿಡಿಯಿತು.

ಲ್ಯಾಂಜ್ ಈ ಆಲ್ಬಮ್ಮಿನಲ್ಲಿ ಗಿಟಾರುಗಳನ್ನು ದೊಡ್ಡ ಆಂಪ್ಲಿಫೈಯರ್‌ನಲ್ಲಿ ನುಡಿಸಿಸಲಿಲ್ಲ. ರಾಕ್‌ಮನ್ ಎಂಬ ಪುಟ್ಟ ಪೆಟ್ಟಿಗೆಯ ಮೂಲಕ ಪದರ ಪದರವಾಗಿ ಕೂರಿಸಿದರು. ದನಿಗಳನ್ನೂ ಹಾಗೆಯೇ ಒಂದರ ಮೇಲೊಂದು ಪೇರಿಸಿದರು. ಅದಕ್ಕೇ ಆ ಕೋರಸ್‌ಗಳು ಒಬ್ಬಿಬ್ಬರ ದನಿಯಂತೆ ಕೇಳುವುದಿಲ್ಲ, ಊರಿಗೆ ಊರೇ ಹಾಡಿದಂತೆ ಕೇಳುತ್ತವೆ. ಅಮೆರಿಕದಲ್ಲಿ ಇದೊಂದೇ ಆಲ್ಬಮ್ಮಿನಿಂದ ಏಳು ಸಿಂಗಲ್ (ಬಿಡಿಯಾಗಿ ಮಾರಿದ ಹಾಡು) ಬಂದವು. 'ಲವ್ ಬೈಟ್ಸ್' 1988ರಲ್ಲಿ ಮೊದಲ ಸ್ಥಾನಕ್ಕೆ ಹೋಯಿತು.

ಈಗ ಕೊಳ್ಳುವ ವಿಷಯ. 'ಹಿಸ್ಟೀರಿಯಾ' 62 ನಿಮಿಷದ ಆಲ್ಬಮ್. ಅದನ್ನು 1987ರಲ್ಲಿ ಒಂದೇ ಎಲ್‌ಪಿಯಲ್ಲಿ ಕೂರಿಸಿದರು. ಅಂದರೆ ಒಂದು ಮಗ್ಗುಲಿಗೆ 31 ನಿಮಿಷ. ಹಳೆಯ ಎಲ್‌ಪಿಯನ್ನು ಬೆಳಕಿಗೆ ಹಿಡಿದು ನೋಡಿ. ಗೆರೆಗಳು ಎಷ್ಟು ಒತ್ತಾಗಿವೆ, ನಡುವಿನ ಲೇಬಲ್‌ವರೆಗೂ ಹೇಗೆ ಹೋಗಿವೆ ಎಂದು ಕಣ್ಣಿಗೇ ಕಾಣುತ್ತದೆ. ಹಾಕಿದರೆ ಬೇರೆ ಎಲ್‌ಪಿಗಳಿಗಿಂತ ಸದ್ದು ಸಣ್ಣದು. ವಾಲ್ಯೂಮ್ ಏರಿಸಿದರೆ ಗೆರೆಯ ಸದ್ದೂ ಏರುತ್ತದೆ. ಮಗ್ಗುಲಿನ ಕೊನೆಯ ಹಾಡುಗಳಲ್ಲಿ 'ಸ', 'ಶ' ಅಕ್ಷರಗಳು ಚರಚರ ಅನ್ನುತ್ತವೆ. ಆದ್ದರಿಂದ ಕವರ್ ಇಷ್ಟವಾದರೆ ಮಾತ್ರ 1987ರ ಎಲ್‌ಪಿ ಕೊಳ್ಳಿ. ಕೇಳಲು ಆ ಕಾಲದ ಸಿಡಿ ಸಾಕು, ಚೆನ್ನಾಗಿದೆ. ಎಲ್‌ಪಿಯೇ ಬೇಕು ಅಂದರೆ 30ನೇ ವರ್ಷಕ್ಕೆಂದು 2017ರಲ್ಲಿ ಎರಡು ಎಲ್‌ಪಿಯಾಗಿ ಬಂದದ್ದನ್ನು ಹುಡುಕಿ.

ಮೊದಲ ಕಪಾಟಿಗೆ

ಶುರುವಿಗೆ ಇವುಗಳನ್ನು ತೆಗೆದುಕೊಳ್ಳಿ: 'ಮೆಟಲ್ ಹೆಲ್ತ್', 'ಪೈರೋಮೇನಿಯಾ', 'ಶೌಟ್ ಅಟ್ ದ ಡೆವಿಲ್', 'ಔಟ್ ಆಫ್ ದ ಸೆಲ್ಲರ್', 'ಸ್ಲಿಪರಿ ವೆನ್ ವೆಟ್', 'ಹಿಸ್ಟೀರಿಯಾ', ವೈಟ್‌ಸ್ನೇಕ್‌ನ 1987ರ ಆಲ್ಬಮ್, ಡಾಕೆನ್‌ನ 'ಅಂಡರ್ ಲಾಕ್ ಅಂಡ್ ಕೀ' (1985), ಸಿಂಡರೆಲ್ಲಾದ 'ಲಾಂಗ್ ಕೋಲ್ಡ್ ವಿಂಟರ್' (1988), ಸ್ಕಿಡ್ ರೋನ 'ಸ್ಲೇವ್ ಟು ದ ಗ್ರೈಂಡ್' (1991).

ಇವುಗಳಲ್ಲಿ ಸಿಂಡರೆಲ್ಲಾವನ್ನು ಜನ ಸುಮ್ನೆ ದಾಟಿಹೋಗುತ್ತಾರೆ. ಹೆಸರು, ಮೊದಲ ಆಲ್ಬಮ್ಮಿನ ವೇಷ ನೋಡಿ ಮೋಸ ಹೋಗಬೇಡಿ. ಪ್ರೊಡ್ಯೂಸರ್ ಹೆಸರು ನೋಡಿ: ಆಂಡಿ ಜಾನ್ಸ್, ಲೆಡ್ ಜೆಪ್ಲಿನ್ ಜೊತೆ ಕೆಲಸ ಮಾಡಿದ ಎಂಜಿನಿಯರ್. 'ಲಾಂಗ್ ಕೋಲ್ಡ್ ವಿಂಟರ್'ನಲ್ಲಿ ಟಾಮ್ ಕೀಫರ್ ಬ್ಲೂಸ್ ಹಾಡಿದ್ದಾರೆ. ಆ ಹರಿದ ಗಂಟಲಿನ ದನಿ ಹಿಡಿಸಿದರೆ ನೀವು ಇನ್ನು ಈ ಸಂಗೀತ ಬಿಡುವುದಿಲ್ಲ.

ಗನ್ಸ್ ಎನ್ ರೋಸಸ್‌ನ 'ಆಪಟೈಟ್ ಫಾರ್ ಡಿಸ್ಟ್ರಕ್ಷನ್' (1987) ಎಲ್ಲಿ ಎಂದು ಕೇಳುತ್ತೀರಿ. ಅದೇ ಊರು, ಅದೇ ಕ್ಲಬ್ಬುಗಳು. ಆದರೆ ಅದರ ಒರಟುತನ ಬೇರೆಯದು. ನಾನಂತೂ ಅದನ್ನು ಈ ಕಪಾಟಿನ ಅಂಚಿಗೆ ಇಡುತ್ತೇನೆ. 2012ರ ಡಿಸೆಂಬರ್ 7ರಂದು ಬೆಂಗಳೂರಿನಲ್ಲಿ ಈ ಬ್ಯಾಂಡಿನ ಗಾಯಕ ಆಕ್ಸಲ್ ರೋಸ್ ಹಾಡಿದ್ದನ್ನು ನೋಡಿದವರಿಗೆ ಅದು ಮನೆಯಲ್ಲಿ ಇರಲೇಬೇಕು. ಆ ದಿನ ಗಿಟಾರಿಸ್ಟ್ ಸ್ಲ್ಯಾಶ್ ಇರಲಿಲ್ಲ. ಆಲ್ಬಮ್ಮಿನಲ್ಲಿ ಇದ್ದಾರೆ. ಹಾಗೆಯೇ 2007ರ ಜೂನ್‌ನಲ್ಲಿ ಅರಮನೆ ಮೈದಾನದಲ್ಲಿ ಏರೋಸ್ಮಿತ್ ಕೇಳಿದವರು 'ಪಂಪ್' ಹುಡುಕಿಕೊಳ್ಳಿ.

ಒಂದೇ ಆಲ್ಬಮ್, ಹಲವು ರೂಪ

ಈ ಸಂಗೀತದ ಸಂಗ್ರಹದಲ್ಲಿ ನಿಜವಾದ ಮಜಾ ಇರುವುದು ಇಲ್ಲಿ. ಒಂದೇ ಆಲ್ಬಮ್ ದೇಶಕ್ಕೊಂದು ವೇಷದಲ್ಲಿ ಬಂದಿದೆ.

'ಸ್ಲಿಪರಿ ವೆನ್ ವೆಟ್'ಗೆ ಮೊದಲು ಒದ್ದೆ ಹಳದಿ ಟೀ ಶರ್ಟಿನ ಹುಡುಗಿಯ ಫೋಟೋ ಇತ್ತು. ಕೊನೆ ಗಳಿಗೆಯಲ್ಲಿ ಅದನ್ನು ಬಿಟ್ಟರು. ಕಪ್ಪು ಕಸದ ಚೀಲದ ಮೇಲೆ ನೀರು ಚಿಮುಕಿಸಿ, ಬೆರಳಿನಿಂದ ಹೆಸರು ಬರೆದು, ಅದರ ಫೋಟೋ ತೆಗೆದು ಕವರ್ ಮಾಡಿದರು. ಆದರೆ ಜಪಾನಿನಲ್ಲಿ ಹಳದಿ ಟೀ ಶರ್ಟಿನ ಕವರೇ ಬಂತು. ಜಪಾನಿ ಎಲ್‌ಪಿ ಕೊಳ್ಳುವಾಗ ಪಕ್ಕಕ್ಕೆ ಸುತ್ತುವ ಕಾಗದದ ಪಟ್ಟಿ ಇದೆಯಾ ನೋಡಿ. 'ಓಬಿ' ಅನ್ನುತ್ತಾರೆ. ಅದು ಇಲ್ಲದಿದ್ದರೆ ಬೆಲೆ ಇಳಿಯಬೇಕು.

'ಶೌಟ್ ಅಟ್ ದ ಡೆವಿಲ್'ನ ಮೊದಲ ಎಲ್‌ಪಿ ಕವರ್ ಪೂರ್ತಿ ಕಪ್ಪು. ದೂರದಿಂದ ಏನೂ ಇಲ್ಲ ಅನ್ನಿಸುತ್ತದೆ. ಓರೆಯಾಗಿ ಬೆಳಕಿಗೆ ಹಿಡಿದರೆ ಕಪ್ಪಿನ ಮೇಲೆ ಹೊಳೆಯುವ ಕಪ್ಪಿನಲ್ಲಿ ಐದು ಮೂಲೆಯ ನಕ್ಷತ್ರ ಏಳುತ್ತದೆ. ಮಡಚುವ ಕವರ್, ಒಳಗೆ ನಾಲ್ವರ ಫೋಟೋ. ಆ ಹೊಳಪು ಬೇಗ ಸವೆಯುತ್ತದೆ. ಇಟ್ಟು ತೆಗೆದು ಉಜ್ಜಿದ ಗುರುತಿನ ಉಂಗುರ ಕವರ್ ಮೇಲೆ ಮೂಡಿರುತ್ತದೆ. ಹೊಳಪು ಪೂರ್ತಿ ಉಳಿದ ಪ್ರತಿಗೆ ಸ್ವಲ್ಪ ಜಾಸ್ತಿ ಕೊಡಬಹುದು. ಮಾಟ್ಲಿ ಕ್ರೂನ ಮೊದಲ ಆಲ್ಬಮ್ 'ಟೂ ಫಾಸ್ಟ್ ಫಾರ್ ಲವ್' 1981ರಲ್ಲಿ ಲೆದರ್ ರೆಕಾರ್ಡ್ಸ್ ಎಂಬ ಸ್ವಂತ ಲೇಬಲ್ಲಿನಲ್ಲಿ ಬಂದು, ಮರುವರ್ಷ ಎಲೆಕ್ಟ್ರಾ ಕಂಪನಿಯಿಂದ ರಾಯ್ ಥಾಮಸ್ ಬೇಕರ್ ಮಿಕ್ಸ್‌ನಲ್ಲಿ, ಒಂದು ಹಾಡು ಕಡಿಮೆಯಾಗಿ ಬಂತು. ಸ್ವಂತ ಲೇಬಲ್ಲಿನ ಪ್ರತಿಗೆ ಬೆಲೆ ವಿಪರೀತ. ಶುರು ಮಾಡುವವರು ಅದರ ಆಸೆ ಬಿಡುವುದು ಒಳ್ಳೆಯದು.

ವೈಟ್‌ಸ್ನೇಕ್ ಇನ್ನೂ ಸ್ವಾರಸ್ಯ. 1987ರ ಆಲ್ಬಮ್ ಅಮೆರಿಕದಲ್ಲಿ ಬ್ಯಾಂಡಿನ ಹೆಸರಿನಲ್ಲೇ, ಯೂರೋಪಿನಲ್ಲಿ '1987' ಎಂಬ ಹೆಸರಿನಲ್ಲಿ, ಜಪಾನಿನಲ್ಲಿ 'ಸರ್ಪೆನ್ಸ್ ಆಲ್ಬಸ್' ಎಂಬ ಹೆಸರಿನಲ್ಲಿ ಬಂತು. ಹಾಡುಗಳ ಸರಣಿಯೂ ಬೇರೆ. ಅಮೆರಿಕದ್ದು 'ಕ್ರೈಯಿಂಗ್ ಇನ್ ದ ರೈನ್'ನಿಂದ ಶುರುವಾದರೆ ಯೂರೋಪಿನದ್ದು 'ಸ್ಟಿಲ್ ಆಫ್ ದ ನೈಟ್'ನಿಂದ. ನನಗೆ ಯೂರೋಪಿನ ಸರಣಿಯೇ ಸರಿ ಅನ್ನಿಸುತ್ತದೆ. ಜಾನ್ ಸೈಕ್ಸ್‌ನ ಆ ಗಿಟಾರ್ ಮೊದಲ ಹಾಡಿನಲ್ಲೇ ಎದೆಗೆ ಬಡಿಯಬೇಕು. ಅದಕ್ಕೂ ಹಿಂದಿನ 'ಸ್ಲೈಡ್ ಇಟ್ ಇನ್' (1984) ಎರಡು ಮಿಕ್ಸ್‌ಗಳಲ್ಲಿದೆ. ಬ್ರಿಟನ್ನಿನದ್ದು ಮಾರ್ಟಿನ್ ಬರ್ಚ್‌ದು, ಅಮೆರಿಕದ್ದು ಕೀತ್ ಓಲ್ಸನ್‌ದು. ಎರಡನೆಯದರಲ್ಲಿ ಸೈಕ್ಸ್ ಮತ್ತು ಬಾಸ್ ಗಿಟಾರಿನ ನೀಲ್ ಮರ್‍ರೆಯ ನುಡಿಸಾಣಿಕೆ ಹೊಸದಾಗಿ ಸೇರಿದೆ. ಎರಡೂ ಇಟ್ಟುಕೊಂಡು ಹೋಲಿಸಿ ಕೇಳುವಂಥದ್ದು.

ಕವರ್ ಬದಲಾದವು ಇನ್ನೂ ಇವೆ. ಪಾಯ್ಸನ್‌ನ 1988ರ ಆಲ್ಬಮ್ಮಿನಲ್ಲಿ ಉದ್ದ ನಾಲಿಗೆ ಚಾಚಿದ ಹೆಣ್ಣಿನ ಮುಖವಿತ್ತು. ಆಕ್ಷೇಪ ಬಂದ ಮೇಲೆ ಮೇಲೂ ಕೆಳಗೂ ಕಪ್ಪು ಬಳಿದು ಕಣ್ಣು ಮಾತ್ರ ಉಳಿಸಿದರು. ಸ್ಟ್ರೈಪರ್‌ನ 'ಟು ಹೆಲ್ ವಿತ್ ದ ಡೆವಿಲ್' (1986) ಮೊದಲು ದೇವದೂತರ ಚಿತ್ರದೊಂದಿಗೆ ಬಂದು, ಆಮೇಲೆ ಬರೀ ಕಪ್ಪಾಯಿತು. 'ಆಪಟೈಟ್'ನ ಮೊದಲ ಕವರ್ ರಾಬರ್ಟ್ ವಿಲಿಯಮ್ಸ್ ಬಿಡಿಸಿದ ಚಿತ್ರ. ಅಂಗಡಿಗಳು ಇಡಲು ಒಪ್ಪದೆ ಅದನ್ನು ಒಳಕ್ಕೆ ಸರಿಸಿ, ಶಿಲುಬೆಯ ಮೇಲಿನ ಐದು ತಲೆಬುರುಡೆ ಹೊರಗೆ ತಂದರು. 'ಸ್ಲೇವ್ ಟು ದ ಗ್ರೈಂಡ್' ಎರಡು ಬಗೆಯಲ್ಲಿದೆ. ಒಂದರಲ್ಲಿ ಬೈಗುಳದ ಹಾಡಿದೆ, ಇನ್ನೊಂದರಲ್ಲಿ ಆ ಜಾಗಕ್ಕೆ 'ಬೆಗ್ಗರ್ಸ್ ಡೇ' ಇದೆ. ಅದರ ಕವರ್ ಚಿತ್ರ ಬಿಡಿಸಿದವರು ಗಾಯಕ ಸೆಬಾಸ್ಟಿಯನ್ ಬಾಕ್ ಅವರ ತಂದೆ ಡೇವಿಡ್ ಬಿಯರ್ಕ್.

ದುಡ್ಡು ಕೊಡುವ ಮುಂಚೆ

ಎಲ್‌ಪಿಯನ್ನು ಕವರಿನಿಂದ ಹೊರಗೆ ತೆಗೆದು ನೋಡದೆ ಕೊಳ್ಳಬೇಡಿ. ಕಿಟಕಿಯ ಬೆಳಕಿಗೆ ಓರೆ ಹಿಡಿಯಿರಿ. ಕೂದಲೆಳೆಯಂಥ ಗೀರು ಪರವಾಗಿಲ್ಲ. ಉಗುರು ಆಡಿಸಿದರೆ ತಾಗುವ ಗೀರು ಇದ್ದರೆ ಅದು ಟಿಕ್ ಟಿಕ್ ಅನ್ನುತ್ತದೆ, ಕೆಲವೊಮ್ಮೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನಡುವಿನ ತೂತಿನ ಸುತ್ತ ಲೇಬಲ್ ಮೇಲೆ ಬೂದು ಗೆರೆಗಳು ಜಾಸ್ತಿ ಇದ್ದರೆ ತುಂಬ ಸಲ ಹಾಕಿದ್ದಾರೆ ಎಂದು ತಿಳಿಯಿರಿ. ಮಟ್ಟಸವಾದ ಜಾಗದಲ್ಲಿಟ್ಟು ಬಾಗಿದೆಯಾ ನೋಡಿ.

ಆಮೇಲೆ ಕೊನೆಯ ಹಾಡಿಗೂ ಲೇಬಲ್ಲಿಗೂ ನಡುವಿನ ಖಾಲಿ ಜಾಗ ಓದಿ. ಅಲ್ಲಿ ಕೊರೆದ ಅಂಕಿ, ಅಕ್ಷರ ಇರುತ್ತವೆ. ಮಾಸ್ಟರ್ ಮಾಡಿದ (ಅಚ್ಚು ಹಾಕುವ ಮುಂಚೆ ಸದ್ದನ್ನು ಕೊನೆಯದಾಗಿ ಹದ ಮಾಡಿದ) ಸ್ಟುಡಿಯೋದ ಮುದ್ರೆಯೂ ಇರಬಹುದು, ಸ್ಟರ್ಲಿಂಗ್, ಮಾಸ್ಟರ್‌ಡಿಸ್ಕ್ ಹೀಗೆ. ಇಂಥ ಮುದ್ರೆ ಇದ್ದ ಪ್ರತಿ ಮೂಲ ಟೇಪಿಗೆ ಹತ್ತಿರದ್ದಾಗಿರುವ ಸಾಧ್ಯತೆ ಹೆಚ್ಚು. ಆ ಅಂಕಿಗಳನ್ನು ಫೋನಿನಲ್ಲಿ ಹುಡುಕಿದರೆ ಯಾವ ವರ್ಷದ, ಯಾವ ದೇಶದ ಪ್ರತಿ ಎಂದು ಅಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಸುಲಭ ಗುರುತು. 1985ರ ಸೆಪ್ಟೆಂಬರ್ 19ರಂದು ಅಮೆರಿಕದ ಸೆನೆಟ್ ಮುಂದೆ ಹಾಡುಗಳ ಸಾಹಿತ್ಯದ ಬಗ್ಗೆ ವಿಚಾರಣೆ ನಡೆಯಿತು. ಟ್ವಿಸ್ಟೆಡ್ ಸಿಸ್ಟರ್‌ನ ಡೀ ಸ್ನೈಡರ್ ಅದೇ ಉದ್ದ ಕೂದಲಿನಲ್ಲಿ, ಜೀನ್ಸ್‌ನಲ್ಲಿ ಹೋಗಿ ನೇರವಾಗಿ ಉತ್ತರ ಕೊಟ್ಟರು. ಆ ಗಲಾಟೆಯ ಫಲವೇ ಪೋಷಕರಿಗೆ ಎಚ್ಚರಿಕೆ ಹೇಳುವ ಚೀಟಿ. ಈಗ ನಾವು ನೋಡುವ ಕಪ್ಪು ಬಿಳುಪು ಮುದ್ರೆ 1990ರದ್ದು. ಆದ್ದರಿಂದ 1983ರ ಆಲ್ಬಮ್ಮಿನ 'ಮೊದಲ ಪ್ರತಿ' ಎಂದು ಮಾರುವವರ ಕವರ್ ಮೇಲೆ ಆ ಮುದ್ರೆ ಅಚ್ಚಾಗಿದ್ದರೆ ಅದು ಮೊದಲ ಪ್ರತಿ ಅಲ್ಲವೇ ಅಲ್ಲ.

ಸಿಡಿಯಲ್ಲಿ ನೋಡುವುದು ಬೇರೆ. ಬೆಳ್ಳಿ ಬಣ್ಣ ಕಂದು, ತಾಮ್ರದ ಬಣ್ಣಕ್ಕೆ ತಿರುಗಿದೆಯಾ ನೋಡಿ, ಅಂಚಿನಿಂದ ಶುರುವಾಗುತ್ತದೆ. 1988ರಿಂದ 1993ರ ನಡುವೆ ಇಂಗ್ಲೆಂಡಿನ ಬ್ಲಾಕ್‌ಬರ್ನ್‌ನ ಪಿಡಿಓ ಕಾರ್ಖಾನೆಯಲ್ಲಿ ತಯಾರಾದ ಎಷ್ಟೋ ಸಿಡಿಗಳು ಹೀಗೆ ಹಾಳಾಗಿವೆ. ಹೇರ್ ಮೆಟಲ್‌ನ ಕೊನೆಯ ವರ್ಷಗಳೂ ಅವೇ, ಅದಕ್ಕೇ ಹುಷಾರು. ಅಟ್ಲಾಂಟಿಕ್, ಎಲೆಕ್ಟ್ರಾ, ವಾರ್ನರ್ ಕಂಪನಿಗಳ ಮೊದಲ ಸಿಡಿಗಳ ಮುಖದ ಮೇಲೆ ಗುರಿಹಲಗೆಯಂಥ ವೃತ್ತ, ಅಡ್ಡ ಗೆರೆ ಇರುತ್ತದೆ. 'ಟಾರ್ಗೆಟ್' ಸಿಡಿ ಅಂತಾರೆ. ಅವು ಸಿಕ್ಕರೆ ತಕ್ಷಣ ತೆಗೆದುಕೊಳ್ಳಿ.

ಬೆಲೆಯ ಬಗ್ಗೆ ಒಂದು ಮಾತು. 'ಸ್ಲಿಪರಿ ವೆನ್ ವೆಟ್' ಮತ್ತು 'ಹಿಸ್ಟೀರಿಯಾ' ಅಮೆರಿಕ ಒಂದರಲ್ಲೇ ತಲಾ 1 ಕೋಟಿಗೂ ಹೆಚ್ಚು ಮಾರಾಟವಾಗಿವೆ. ಅಂಥವನ್ನು 'ತುಂಬಾ ಅಪರೂಪ ಸಾರ್' ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಪರೂಪವಾದದ್ದು 1989ರ ನಂತರದ ಎಲ್‌ಪಿಗಳು. ಆ ಹೊತ್ತಿಗೆ ಅಮೆರಿಕದ ಕಂಪನಿಗಳು ಎಲ್‌ಪಿ ಕೈಬಿಡುತ್ತಿದ್ದವು. 1990, 91ರ ಆಲ್ಬಮ್‌ಗಳನ್ನು ಎಲ್‌ಪಿಯಲ್ಲಿ ಬೇಕೆಂದರೆ ಯೂರೋಪಿನ ಅಥವಾ ದಕ್ಷಿಣ ಕೊರಿಯಾದ ಪ್ರತಿ ಹುಡುಕಬೇಕು. ಕೊರಿಯಾದ್ದಾದರೆ ಹಿಂಬದಿಯ ಹಾಡುಗಳನ್ನು ಎಣಿಸಿ. ಅಲ್ಲಿನ ಸೆನ್ಸಾರ್ ಕೆಲವು ಆಲ್ಬಮ್‌ಗಳಿಂದ ಹಾಡುಗಳನ್ನೇ ತೆಗೆಸಿದೆ.

ಎಲ್ಲಿ ಹುಡುಕುವುದು

ಬೆಂಗಳೂರಿನಲ್ಲಿರುವವರು ಚಿಕ್ಕಪೇಟೆ ಕಡೆಯ ಸಂಡೇ ಬಜಾರಿಗೆ ಬೆಳಿಗ್ಗೆ ಬೇಗ ಹೋಗಿ. ಹಳೆಯ ಸಾಮಾನಿನ ರಾಶಿಯಲ್ಲಿ ಕ್ಯಾಸೆಟ್, ಸಿಡಿ ಬರುತ್ತಿರುತ್ತವೆ. ಕಂಟೋನ್ಮೆಂಟ್ ಕಡೆಯ ಹಳೆಯ ಮನೆಗಳನ್ನು ಖಾಲಿ ಮಾಡುವಾಗ ಒಳ್ಳೊಳ್ಳೆ ಸಂಗ್ರಹಗಳು ಹೊರಬರುತ್ತವೆ, ಹಳೆ ಪೇಪರ್ ಅಂಗಡಿಯವರ ಪರಿಚಯ ಇಟ್ಟುಕೊಳ್ಳಿ. ಆನ್‌ಲೈನ್‌ನಲ್ಲಿ ಹೊರದೇಶದಿಂದ ತರಿಸುವುದಾದರೆ ಆಲ್ಬಮ್ ಬೆಲೆ, ಅಂಚೆ ಖರ್ಚು, ಕಸ್ಟಮ್ಸ್ ಸುಂಕ ಮೂರನ್ನೂ ಕೂಡಿ ನೋಡಿ ಆಮೇಲೆ ಆರ್ಡರ್ ಮಾಡಿ. ಎಷ್ಟೋ ಸಲ ಸಾಗಣೆಯೇ ಆಲ್ಬಮ್ಮಿಗಿಂತ ದುಬಾರಿ. ಅಮೆರಿಕದಲ್ಲಿ ತಮ್ಮನೋ ಅಕ್ಕನೋ ಇದ್ದರೆ ಅದೇ ಒಳ್ಳೆಯ ದಾರಿ. ಅಲ್ಲಿನ ಹಳೆ ರೆಕಾರ್ಡ್ ಅಂಗಡಿಗಳ ಅಗ್ಗದ ಬುಟ್ಟಿಗಳಲ್ಲಿ ಈ ಆಲ್ಬಮ್‌ಗಳೇ ತುಂಬಿರುತ್ತವೆ. ಊರಿಗೆ ಬರುವಾಗ ಕೈಚೀಲದಲ್ಲಿ ನೆಟ್ಟಗೆ ಇಟ್ಟು ತರಲು ಹೇಳಿ.

ಮನೆಗೆ ತಂದ ಮೇಲೆ

ನಮ್ಮ ಹವೆಯಲ್ಲಿ ಎರಡು ಶತ್ರು: ಬಿಸಿಲು ಮತ್ತು ಮಳೆಗಾಲದ ತೇವ. ಕಲಬುರಗಿ, ರಾಯಚೂರು ಕಡೆಯವರು ಪಡುವಣ ಗೋಡೆಗೆ ತಾಗಿಸಿ ಕಪಾಟು ಇಡಬೇಡಿ. ಎಲ್‌ಪಿಗಳನ್ನು ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ಓರೆ ವಾಲದಂತೆ ನೋಡಿಕೊಳ್ಳಿ. ಕರಾವಳಿ, ಮಲೆನಾಡಿನವರಿಗೆ ಬೂಷ್ಟಿನ ಕಾಟ. ಪಿವಿಸಿ ಹೊದಿಕೆ ಬೇಡ, ಅದು ಕಾಲಕ್ರಮೇಣ ರೆಕಾರ್ಡಿನ ಮೇಲೆ ಮಸುಕು ಬಿಡುತ್ತದೆ. ಪಾಲಿಥೀನ್ ಒಳಚೀಲ ಬಳಸಿ. ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ತೇವ ಹೀರಿದ ಮೇಲೆ ಬದಲಿಸಿ.

ಬೂಷ್ಟು ಹಿಡಿದ ಎಲ್‌ಪಿಯನ್ನು ಡಿಸ್ಟಿಲ್ಡ್ ನೀರಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿ, ಮೆತ್ತನೆ ಬಟ್ಟೆಯಲ್ಲಿ ಗೆರೆಯ ಗುಂಟ ಒರೆಸಿ. ಅಡ್ಡ ಒರೆಸಬೇಡಿ. ಮನೆಯಲ್ಲಿ ಅಜ್ಜನ ಕಾಲದ 78 ಸುತ್ತಿನ ಗ್ರಾಮಫೋನ್ ತಟ್ಟೆಗಳಿದ್ದರೆ ಅವುಗಳಿಗೆ ಮಾತ್ರ ಈ ದ್ರವ ತಾಗಿಸಲೇಬೇಡಿ. ಅವು ಅರಗಿನವು, ಆಲ್ಕೋಹಾಲ್ ಅವನ್ನು ಕರಗಿಸುತ್ತದೆ. ಹಳೆಯ ಸಿಡಿ ಪೆಟ್ಟಿಗೆಯೊಳಗೆ ಸ್ಪಂಜಿನ ಹಾಳೆ ಇದ್ದರೆ ತೆಗೆದು ಬಿಸಾಕಿ. ಅದು ಪುಡಿಯಾಗಿ ಸಿಡಿಗೆ ಅಂಟಿ ಹಾಳು ಮಾಡುತ್ತದೆ.

ಎರಡನೇ ಸುತ್ತಿಗೆ

ಮೊದಲ ಕಪಾಟು ತುಂಬಿದ ಮೇಲೆ ಕಡಿಮೆ ಹೆಸರಿನ ಕಡೆ ಹೊರಳಿ. ವೈಟ್ ಲಯನ್‌ನ 'ಪ್ರೈಡ್'ನಲ್ಲಿ ವೀಟೋ ಬ್ರಟ್ಟಾನ ಗಿಟಾರ್ ಸೋಲೋಗಳನ್ನು ಕೇಳಿ. ಒಂದೊಂದೂ ಹಾಡಿನೊಳಗಿನ ಇನ್ನೊಂದು ಹಾಡಿನಂತಿದೆ. ಮೇರಿಲ್ಯಾಂಡ್‌ನ ಕಿಕ್ಸ್ ಬ್ಯಾಂಡಿನ 'ಬ್ಲೋ ಮೈ ಫ್ಯೂಸ್' (1988), ವರ್ಮನ್ ಪ್ರೊಡ್ಯೂಸ್ ಮಾಡಿದ್ದು, ಒಂದು ಹಾಡೂ ದಾಟಿಸುವಂತಿಲ್ಲ. ಸ್ಯಾಕ್ರಮೆಂಟೋದ ಟೆಸ್ಲಾ ಬ್ಯಾಂಡಿನ 'ಮೆಕ್ಯಾನಿಕಲ್ ರೆಸೊನೆನ್ಸ್' (1986) ಮತ್ತು ಅಕೂಸ್ಟಿಕ್ ಗಿಟಾರುಗಳಲ್ಲಿ ಮಾಡಿದ 'ಫೈವ್ ಮ್ಯಾನ್ ಅಕೂಸ್ಟಿಕಲ್ ಜ್ಯಾಮ್' (1990) ಎರಡೂ ಬೇಕು. ನಾಲ್ವರು ಹೆಣ್ಣುಮಕ್ಕಳ ವಿಕ್ಸನ್ ಬ್ಯಾಂಡಿನ ಮೊದಲ ಆಲ್ಬಮ್, ಲೀಟಾ ಫೋರ್ಡ್‌ನ 'ಲೀಟಾ' ಎರಡೂ 1988ರವು. ಗಂಡಸರದ್ದೇ ಎಂದು ಎಲ್ಲರೂ ತಿಳಿದ ಈ ಕಪಾಟಿನಲ್ಲಿ ಇವು ಇಲ್ಲದಿದ್ದರೆ ಸಂಗ್ರಹ ಅರೆಬರೆ.

ಜಪಾನಿನ ಲೌಡ್‌ನೆಸ್ ಬ್ಯಾಂಡಿನ 'ಥಂಡರ್ ಇನ್ ದ ಈಸ್ಟ್' (1985) ಹುಡುಕಿ. ಗಿಟಾರಿಸ್ಟ್ ಅಕಿರಾ ತಕಸಾಕಿ ಅಮೆರಿಕದ ಯಾರಿಗೂ ಕಡಿಮೆ ಇಲ್ಲ. ಕೊನೆಗೆ ಫಿನ್ಲೆಂಡಿನ ಹನೋಯ್ ರಾಕ್ಸ್, 'ಟೂ ಸ್ಟೆಪ್ಸ್ ಫ್ರಮ್ ದ ಮೂವ್' (1984). ಲಾಸ್ ಏಂಜಲೀಸ್‌ನ ಹುಡುಗರು ಇವರ ವೇಷ, ನಡಿಗೆ ನೋಡಿ ಕಲಿತರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮಾಟ್ಲಿ ಕ್ರೂನ ವಿನ್ಸ್ ನೀಲ್ ಓಡಿಸುತ್ತಿದ್ದ ಕಾರು ಅಪಘಾತವಾಗಿ ಇವರ ಡ್ರಮ್ಮರ್ ರ್‍ಯಾಜಲ್ ತೀರಿಕೊಂಡರು. ಮರುವರ್ಷವೇ ಬ್ಯಾಂಡ್ ಒಡೆಯಿತು. ಬಾಬ್ ಎಜ್ರಿನ್ ಪ್ರೊಡ್ಯೂಸ್ ಮಾಡಿದ ಈ ಆಲ್ಬಮ್ಮಿನಲ್ಲಿ ರ್‍ಯಾಜಲ್ ಕುಣಿಯುವಂತೆ ನುಡಿಸಿದ್ದಾರೆ. ಸಿಡಿಯೋ ಎಲ್‌ಪಿಯೋ, ಯಾವ ದೇಶದ್ದೋ, ಕವರ್ ಹರಿದಿದೆಯೋ ಎಂದು ನೋಡುತ್ತ ಕೂರಬೇಡಿ. ಇದೊಂದನ್ನು ಮಾತ್ರ ಕಂಡ ತಕ್ಷಣ ಕೊಂಡುಬಿಡಿ.